ಮೊದಲು ಇಳಿತ, ಆಮೇಲೆ ಏರು: ಬೇಸಿಗೆಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಒಳಗೆ ಒಂದು ದಿನ

ಕರ್ನಾಟಕದಲ್ಲಿ ಚಾರಣ ಕಲಿತವರ ಕಾಲಿಗೆ ಒಂದು ಲೆಕ್ಕ ಕೂತುಬಿಟ್ಟಿರುತ್ತದೆ. ಕುಮಾರಪರ್ವತವಾಗಲಿ, ಕೊಡಚಾದ್ರಿಯಾಗಲಿ, ಬೆಳಗಿನ ತಂಪಿನಲ್ಲಿ ಏದುಸಿರು ಬಿಡುತ್ತ ಹತ್ತುವುದು, ಮೇಲೆ ಕೂತು ಬುತ್ತಿ ಬಿಚ್ಚುವುದು, ಮಧ್ಯಾಹ್ನದ ಮೇಲೆ ಮಂಡಿ ಉಜ್ಜಿಕೊಳ್ಳುತ್ತ ಇಳಿಯುವುದು. ಕೈಲಾಗದಿದ್ದರೆ ಅರ್ಧದಲ್ಲೇ ತಿರುಗಿದರಾಯಿತು, ವಾಪಸ್ ದಾರಿಯೆಲ್ಲ ಇಳಿಜಾರು. ಅಮೆರಿಕದ ಅರಿಜೋನಾ ರಾಜ್ಯದ ಮಹಾಕಣಿವೆ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಈ ಲೆಕ್ಕ ಪೂರ್ತಿ ಉಲ್ಟಾ. ಅಲ್ಲಿ ಮೈ ಹಗುರವಾಗಿರುವಾಗ, ಗಾಳಿ ತಂಪಾಗಿರುವಾಗ, ಉತ್ಸಾಹ ತುಂಬಿರುವಾಗ ಇಳಿಯುತ್ತೀರಿ. ಕಾಲು ಸೋತು, ಬಿಸಿಲು ನೆತ್ತಿಗೇರಿದ ಮೇಲೆ ಹತ್ತಬೇಕು. ಸುಸ್ತಾಯಿತು ಎಂದು ಗೊತ್ತಾಗುವ ಹೊತ್ತಿಗೆ ತಿರುಗುವ ಸಮಯ ಮೀರಿ ಬಹಳ ಹೊತ್ತಾಗಿರುತ್ತದೆ. ಎಲ್ಲಿ ತಿರುಗಬೇಕು ಅನ್ನುವುದನ್ನು, ಏನೂ ಸುಸ್ತಿಲ್ಲದ ಗಳಿಗೆಯಲ್ಲಿ ನಿರ್ಧರಿಸಬೇಕು. ಈ ಬರಹದಲ್ಲಿ ಬರುವ ನೀರು, ಉಪ್ಪು, ಗಡಿಯಾರದ ಮಾತೆಲ್ಲ ಸುತ್ತುವುದು ಇದೊಂದರ ಸುತ್ತಲೇ.

ಮೊದಲು ಎತ್ತರದ ಅಂದಾಜು. ಕಣಿವೆಯ ದಕ್ಷಿಣ ಅಂಚಿನಲ್ಲಿ ಬ್ರೈಟ್ ಏಂಜಲ್ ಟ್ರೇಲ್ ಎಂಬ ಕಾಲುದಾರಿ ಶುರುವಾಗುವ ಜಾಗ ಸಮುದ್ರಮಟ್ಟದಿಂದ ಸುಮಾರು 2,090 ಮೀಟರ್ ಮೇಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಅಂದರೆ ಕರ್ನಾಟಕದ ಅತಿ ಎತ್ತರದ ಶಿಖರಕ್ಕಿಂತಲೂ ಮೇಲೆ ನಿಂತು, ಅಲ್ಲಿಂದ ಕೆಳಕ್ಕೆ ಹೆಜ್ಜೆ ಇಡುತ್ತೀರಿ. ತಳದಲ್ಲಿ ಹರಿಯುವ ಕೊಲರಾಡೋ ನದಿ ಇದಕ್ಕಿಂತ 1,300 ಮೀಟರಿಗೂ ಹೆಚ್ಚು ಕೆಳಗಿದೆ. ಇಳಿಯುತ್ತ ಹೋದಂತೆ ಗಾಳಿಯ ಒತ್ತಡ ಹೆಚ್ಚಿ, ಪ್ರತಿ 100 ಮೀಟರಿಗೆ ಸುಮಾರು ಒಂದು ಡಿಗ್ರಿ ಸೆಲ್ಸಿಯಸ್‌ನಂತೆ ಶಾಖ ಏರುತ್ತದೆ. ಜುಲೈ ಮಧ್ಯಾಹ್ನ ಅಂಚಿನ ಮೇಲೆ 29 ಡಿಗ್ರಿ ಇದ್ದರೆ, ತಳದ ತಂಗುದಾಣ ಫ್ಯಾಂಟಮ್ ರಾಂಚ್‌ನಲ್ಲಿ 41. ಅದೂ ನೆರಳಿನಲ್ಲಿ ಅಳೆದದ್ದು. ಬಂಡೆಗೋಡೆಗಳ ನಡುವೆ ಬಿಸಿಲಿನಲ್ಲಿ ನಡೆಯುವವರ ಮೈಗೆ ತಗಲುವ ಕಾವು ಇನ್ನೂ ಹೆಚ್ಚು. ಮೇಲಿನಿಂದ ಸೂರ್ಯ, ಪಕ್ಕದಿಂದ ಕಾದ ಕಲ್ಲು.

ಈ ಕಣಿವೆ ಒಂದು ರಾಷ್ಟ್ರೀಯ ಉದ್ಯಾನ. ಅಲ್ಲಿನ ರೇಂಜರುಗಳು, ಅಂದರೆ ಉದ್ಯಾನದ ಸಿಬ್ಬಂದಿ, ಹೇಳುವ ಒಂದು ಮಾತಿದೆ: ಇಳಿಯುವುದು ನಿಮ್ಮಿಷ್ಟ, ಹತ್ತುವುದು ಕಡ್ಡಾಯ. ಇದು ಬರೀ ಘೋಷಣೆಯಲ್ಲ. 1996ರ ಬೇಸಿಗೆಯಲ್ಲಿ ಸಾಲುಸಾಲು ಸಾವುಗಳಾದ ಮೇಲೆ, 1997ರಿಂದ ಉದ್ಯಾನದವರು ದಾರಿಯ ಮೇಲೆಯೇ ನಿಂತು ಇಳಿಯುವವರನ್ನು ಮಾತಾಡಿಸುವ ವ್ಯವಸ್ಥೆ ಶುರುಮಾಡಿದರು. ನೀರು ಎಷ್ಟಿದೆ, ತಿನ್ನಲು ಏನಿದೆ, ಎಲ್ಲಿವರೆಗೆ ಹೊರಟಿರಿ ಎಂದು ನಗುತ್ತಲೇ ಕೇಳುತ್ತಾರೆ. ಇವರೇನು ಟಿಕೆಟ್ ಚೆಕ್ ಮಾಡುವವರಲ್ಲ, ನೆಟ್ಟಗೆ ಉತ್ತರ ಕೊಡಿ. ವಾಪಸ್ ಹೋಗಿ ಎಂದರೆ ಹೋಗಿ.

ಎಲ್ಲಿವರೆಗೆ ಇಳಿಯಬೇಕು

ಒಂದು ದಿನದ ನಡಿಗೆಗೆ ಪರವಾನಗಿ ಬೇಕಿಲ್ಲ. ರಾತ್ರಿ ಕೆಳಗೆ ತಂಗುವವರಿಗೆ ಮಾತ್ರ ಅದು ಬೇಕು. ಹಾಗಾಗಿ ನಿಮ್ಮನ್ನು ತಡೆಯುವ ಗೇಟು ಎಲ್ಲೂ ಇಲ್ಲ. ಎರಡು ದಾರಿ ಮುಖ್ಯ.

ಬ್ರೈಟ್ ಏಂಜಲ್ ಮೊದಲನೆಯದು. ಅಲ್ಲಿ ಬೋರ್ಡುಗಳೆಲ್ಲ ಮೈಲಿಯಲ್ಲೇ ಇರುತ್ತವೆ, ಆದ್ದರಿಂದ ಮೈಲಿಯಲ್ಲೇ ನೆನಪಿಟ್ಟುಕೊಳ್ಳಿ. ಒಂದೂವರೆ ಮೈಲಿಗೆ ಮೊದಲ ವಿಶ್ರಾಂತಿ ಮನೆ, ಅಷ್ಟರಲ್ಲಿ 340 ಮೀಟರ್ ಇಳಿದಿರುತ್ತೀರಿ. 3 ಮೈಲಿಗೆ ಎರಡನೆಯದು, 645 ಮೀಟರ್ ಇಳಿತ. ನಾಲ್ಕೂವರೆ ಮೈಲಿಗೆ ಹವಸುಪೈ ಗಾರ್ಡನ್, 930 ಮೀಟರ್. ಅಲ್ಲಿಂದ ಇನ್ನೂ ಒಂದೂವರೆ ಮೈಲಿ ಬಯಲಿನಲ್ಲಿ ನಡೆದರೆ ಪ್ಲಾಟೋ ಪಾಯಿಂಟ್, ಅಲ್ಲಿ ನದಿ ನೇರ ಕಾಲಡಿಯಲ್ಲಿ ಕಾಣುತ್ತದೆ. ಹೋಗಿ ಬರಲು ಮೊದಲ ಮನೆಗೆ 2ರಿಂದ 4 ತಾಸು, ಎರಡನೆಯದಕ್ಕೆ 4ರಿಂದ 6, ಹವಸುಪೈ ಗಾರ್ಡನ್‌ಗೆ 6ರಿಂದ 9, ಪ್ಲಾಟೋ ಪಾಯಿಂಟ್‌ಗೆ 8ರಿಂದ 12.

ಜೂನ್‌ನಿಂದ ಆಗಸ್ಟ್‌ವರೆಗೆ ಮೊದಲ ಸಲ ಹೋಗುವವರಿಗೆ ನಮ್ಮ ಸಲಹೆ ಖಡಾಖಂಡಿತ: ಮಕ್ಕಳು, ಊರಿನಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ ಬ್ರೈಟ್ ಏಂಜಲ್ ದಾರಿಯಲ್ಲಿ ಸಿಗುವ ಎರಡನೇ ಸುರಂಗದವರೆಗೆ, ಅಂದರೆ ಮೈಲಿಗೂ ತುಸು ಕಡಿಮೆ. ದಿನಾ ನಡೆಯುವ ಅಭ್ಯಾಸವಿದ್ದರೆ ಒಂದೂವರೆ ಮೈಲಿ ಮನೆ. ಚಾರಣ ಗೊತ್ತಿದ್ದವರಿಗೆ, ಬೆಳಕು ಹರಿಯುವಾಗಲೇ ಹೊರಟರೆ, 3 ಮೈಲಿ ಮನೆ. ಒಂದೂವರೆ ಮೈಲಿ ಎಂದರೆ ಏನು ಮಹಾ ಅನ್ನಿಸಬಹುದು. ವಾಪಸ್ ಬರುವುದೆಂದರೆ ಮೈಸೂರಿನ ಚಾಮುಂಡಿ ಬೆಟ್ಟದ ಮೆಟ್ಟಿಲನ್ನೆಲ್ಲ ಹತ್ತಿದ್ದಕ್ಕಿಂತ ತುಸು ಹೆಚ್ಚೇ, ಅದೂ ತೆಳುಗಾಳಿಯಲ್ಲಿ. 3 ಮೈಲಿ ಮನೆಯಿಂದ ಅಂಥ ಎರಡು ಬೆಟ್ಟ, ಒಂದರ ಮೇಲೊಂದು.

ನದಿಗೆ ಹೋಗಿ ಅದೇ ದಿನ ವಾಪಸ್? ಬೇಸಿಗೆಯಲ್ಲಿ ಬೇಡ. ಉದ್ಯಾನದವರೂ ಬೇಡವೆನ್ನುತ್ತಾರೆ, ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಇನ್ನೂ ಒತ್ತಿ ಹೇಳುತ್ತಾರೆ. ಮ್ಯಾರಥಾನ್ ಓಡುವವರಿಗೂ ಈ ಮಾತು ಅನ್ವಯಿಸುತ್ತದೆ. ಗಟ್ಟಿಮುಟ್ಟಾದ ಹರೆಯದವರು ತಮ್ಮ ಮೇಲಿನ ನಂಬಿಕೆಯಿಂದಲೇ ಹೆಚ್ಚು ಕೆಳಗೆ ಹೋಗಿ, ಹೆಚ್ಚು ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ.

ಎರಡನೇ ದಾರಿ ಸೌತ್ ಕೈಬಾಬ್. ನೋಟ ಕೇಳಿದರೆ ಇದೇ ಚೆಂದ. ದಾರಿ ಒಂದು ದಿಣ್ಣೆಯ ಬೆನ್ನಿನ ಮೇಲೆ ಸಾಗುವುದರಿಂದ ಎರಡೂ ಕಡೆ ಕಣಿವೆ ತೆರೆದುಕೊಳ್ಳುತ್ತದೆ. ಆದರೆ ಅದೇ ಕಾರಣಕ್ಕೆ ನೆರಳಿಲ್ಲ. ನೀರಂತೂ ಒಂದು ಹನಿಯೂ ಇಲ್ಲ. ಊ ಆ ಪಾಯಿಂಟ್ ಮುಕ್ಕಾಲು ಮೈಲಿಗಿಂತ ತುಸು ದೂರ, 0.9 ಮೈಲಿ, ಸೀಡರ್ ರಿಜ್ ಒಂದೂವರೆ ಮೈಲಿ, ಸ್ಕೆಲಿಟನ್ ಪಾಯಿಂಟ್ 3 ಮೈಲಿ. ಬೇಸಿಗೆಯಲ್ಲಿ ಸೀಡರ್ ರಿಜ್ ದಾಟಬೇಡಿ. ಈ ದಾರಿಯ ಬಾಯಿಗೆ ಸ್ವಂತ ಕಾರು ಬಿಡುವುದಿಲ್ಲ, ಉದ್ಯಾನದ ಉಚಿತ ಬಸ್ಸಿನಲ್ಲೇ ಹೋಗಬೇಕು. ಚಾರಣಿಗರಿಗೆಂದೇ ನಸುಕಿನಲ್ಲಿ ಒಂದು ನೇರ ಬಸ್ಸಿದೆ. ಅದರ ವೇಳೆ ತಿಂಗಳಿಗೊಮ್ಮೆ ಬದಲಾಗುತ್ತದೆ, ಹಿಂದಿನ ಸಂಜೆಯೇ ಬೋರ್ಡಿನಲ್ಲಿ ನೋಡಿಟ್ಟುಕೊಳ್ಳಿ.

ಈ ಎರಡು ದಾರಿ ಯಾಕಿವೆ ಅನ್ನುವುದಕ್ಕೊಂದು ಹಿನ್ನೆಲೆಯಿದೆ. ಬ್ರೈಟ್ ಏಂಜಲ್ ದಾರಿಯಲ್ಲಿ ಮೊದಲು ನಡೆದಾಡಿದವರು ಅಲ್ಲಿನ ಮೂಲನಿವಾಸಿಗಳಾದ ಹವಸುಪೈ ಜನ; ಕೆಳಗಿನ ತೊರೆಯ ಪಕ್ಕ ಅವರ ಬೇಸಾಯವಿತ್ತು. 1890ರ ಸುಮಾರಿಗೆ ಗಣಿ ಹುಡುಕಿ ಬಂದವರು ಅದನ್ನು ಅಗಲ ಮಾಡಿದರು. ಅವರಲ್ಲೊಬ್ಬರಾದ ರಾಲ್ಫ್ ಕ್ಯಾಮರನ್ ತಲೆಗೊಂದು ಡಾಲರ್ ಸುಂಕ ಹಾಕಿದರು. ಆ ಸುಂಕದ ಜಗಳದಿಂದ ಬೇಸತ್ತ ಉದ್ಯಾನ ಇಲಾಖೆ 1924–25ರಲ್ಲಿ ತನ್ನದೇ ಸೌತ್ ಕೈಬಾಬ್ ದಾರಿಯನ್ನು ಕಡಿಸಿತು. 1928ರಲ್ಲಿ ಬ್ರೈಟ್ ಏಂಜಲ್ ಇಲಾಖೆಯ ಕೈಸೇರಿತು, ಅದೇ ವರ್ಷ ಕೊನೆಯ ಹವಸುಪೈ ನಿವಾಸಿಯನ್ನೂ ಅಲ್ಲಿಂದ ಎಬ್ಬಿಸಲಾಯಿತು. ಮುಂದೆ ದಶಕಗಳ ಕಾಲ ಆ ಜಾಗಕ್ಕೆ ಇಂಡಿಯನ್ ಗಾರ್ಡನ್ ಎಂದೇ ಹೆಸರಿತ್ತು. 2022ರಲ್ಲಿ ಹವಸುಪೈ ಗಾರ್ಡನ್ ಎಂದು ಬದಲಿಸಿದರು. ಹಳೆಯ ನಕ್ಷೆ ಹಿಡಿದು ಹೋದವರಿಗೆ ಗೊಂದಲವಾಗದಿರಲಿ, ಎರಡೂ ಒಂದೇ ಜಾಗ.

ಗಡಿಯಾರ

ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಬಿಸಿಲ ದಾರಿಯಲ್ಲಿ ಇರಬಾರದು. ಇದು ಉದ್ಯಾನದ ಸೂಚನೆ, ಉಳಿದದ್ದನ್ನೆಲ್ಲ ಇದರಿಂದ ಹಿಂದಕ್ಕೆ ಎಣಿಸಿ. ಜೂನ್ ಕೊನೆಯಲ್ಲಿ ಸೂರ್ಯೋದಯ 5 ಗಂಟೆ 10 ನಿಮಿಷದ ಸುಮಾರಿಗೆ. ಬೆಳಕು ಅದಕ್ಕೂ ಅರ್ಧ ತಾಸು ಮೊದಲೇ ಇರುತ್ತದೆ. 5ಕ್ಕೆ ಇಳಿಯಲು ಶುರುಮಾಡಿದರೆ 3 ಮೈಲಿ ಮನೆ ಸುಮಾರು ಆರೂಕಾಲು, ಆರೂವರೆಗೆ. ಅಲ್ಲಿ 20 ನಿಮಿಷ ಕೂತು ತಿಂದು, ಇಳಿದದ್ದಕ್ಕೆ ಎರಡರಷ್ಟು ಸಮಯ ಏರಿಗೆ ಇಟ್ಟುಕೊಂಡರೆ ಹತ್ತರೊಳಗೆ ಮೇಲಿರುತ್ತೀರಿ. ಹೊರಡುವುದು 7 ಆದರೆ ಒಂದೂವರೆ ಮೈಲಿಯ ಮನೆ ಸಾಕು. 8 ದಾಟಿದರೆ ಸುರಂಗದ ತನಕ ಹೋಗಿ ಬನ್ನಿ, ಆಮೇಲೆ ಅಂಚಿನ ಮೇಲಿನ ಸಮತಟ್ಟು ದಾರಿಯಲ್ಲೇ ಸುತ್ತಾಡಿ.

ಎರಡರಷ್ಟು ಅನ್ನುವ ಲೆಕ್ಕವನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ನಿಮಗಿರುವ ಒಟ್ಟು ಸಮಯದಲ್ಲಿ ಮೂರನೇ ಒಂದು ಭಾಗ ಇಳಿಯಲು, ಮೂರನೇ ಎರಡು ಭಾಗ ಹತ್ತಲು. ಒಂದು ಭಾಗ ಮುಗಿದ ಕೂಡಲೇ, ಮುಂದಿನ ತಿರುವು ಎಷ್ಟೇ ಕರೆಯಲಿ, ತಿರುಗುವುದು. ಗುಂಪಿನಲ್ಲಿ ಹೋದಾಗ ನಿಧಾನವಾಗಿ ನಡೆಯುವವರ ಕಾಲಿನ ಲೆಕ್ಕ ಹಿಡಿಯಬೇಕು. ಮುಂದಿದ್ದವರು "ಇಲ್ಲೇ ಐದು ನಿಮಿಷ" ಎಂದು ಇಳಿದು, ಹಿಂದಿದ್ದವರು ಅವರನ್ನು ಹಿಡಿಯಲು ಹೋಗಿ ಬೇಡದ ಆಳಕ್ಕೆ ಇಳಿಯುವುದು ಸಾಮಾನ್ಯವಾಗಿ ಆಗುವ ತಪ್ಪು.

ಫೀನಿಕ್ಸಿನಲ್ಲಿರುವ ಕನ್ನಡಿಗರು ಊರಿನಿಂದ ಬಂದವರನ್ನು ಕರೆದುಕೊಂಡು ಬೆಳಿಗ್ಗೆ ಆರಕ್ಕೆ ಹೊರಡುವ ಪದ್ಧತಿಯಿದೆ. ದಾರಿ ಮೂರೂವರೆ ತಾಸಿನದು, ನಡುವೆ ಕಾಫಿ, ಪಾರ್ಕಿಂಗ್ ಹುಡುಕಾಟ ಎಂದು ಅಂಚು ತಲುಪುವಾಗ ಹತ್ತೂವರೆ. ನೋಡಲಿಕ್ಕೆ ಪರವಾಗಿಲ್ಲ, ಇಳಿಯಲಿಕ್ಕೆ ಅದು ಅತಿ ಕೆಟ್ಟ ಗಳಿಗೆ. ಇಳಿಯುವ ಮನಸ್ಸಿದ್ದರೆ ಹಿಂದಿನ ರಾತ್ರಿ ಟುಸಾಯನ್, ವಿಲಿಯಮ್ಸ್ ಅಥವಾ ಫ್ಲ್ಯಾಗ್‌ಸ್ಟಾಫ್‌ನಲ್ಲಿ ಉಳಿದುಕೊಳ್ಳಿ. ಕಾರನ್ನು ಬ್ಯಾಕ್‌ಕಂಟ್ರಿ ಕಚೇರಿಯ ಪಕ್ಕದ ಡಿ ನಿಲ್ದಾಣದಲ್ಲಿ ಬಿಟ್ಟರೆ ಬ್ರೈಟ್ ಏಂಜಲ್ ದಾರಿಗೆ ನಡೆದೇ ಹೋಗಬಹುದು. ಇನ್ನೊಂದು: ಅರಿಜೋನಾ ಬೇಸಿಗೆಯಲ್ಲಿ ಗಡಿಯಾರ ಮುಂದಕ್ಕೆ ತಿರುಗಿಸುವುದಿಲ್ಲ, ಅದರೊಳಗಿನ ನವಾಹೋ ಮೂಲನಿವಾಸಿಗಳ ನಾಡು ತಿರುಗಿಸುತ್ತದೆ. ಪೂರ್ವದ ಕಡೆಯಿಂದ ಬರುವವರ ಫೋನು ದಾರಿಯಲ್ಲಿ ಒಂದು ತಾಸು ಹಿಂದೆಮುಂದೆ ಆಗುತ್ತಿರುತ್ತದೆ. ಅಲಾರಂ ಇಡುವ ಮುನ್ನ ನೋಡಿ.

ನೀರು, ಅದಕ್ಕಿಂತ ಮುಖ್ಯವಾಗಿ ಉಪ್ಪು

ಮಂಗಳೂರಿನ ಸೆಕೆಯಲ್ಲಿ ಬೆವರು ಹನಿಯುತ್ತದೆ, ಅಂಗಿ ಮೈಗೆ ಅಂಟುತ್ತದೆ, ಎಷ್ಟು ಬೆವರಿದೆವು ಎಂದು ಗೊತ್ತಾಗುತ್ತದೆ. ಕ್ಯಾನ್ಯನ್‌ನ ಒಣಗಾಳಿಯಲ್ಲಿ ಬೆವರು ಚರ್ಮದ ಮೇಲೆ ಬರುತ್ತಿದ್ದಂತೆ ಆರಿಹೋಗುತ್ತದೆ. "ನಾನು ಬೆವರೇ ಇಲ್ಲ" ಎನ್ನುವವರ ಟೋಪಿಯ ಪಟ್ಟಿ, ಬ್ಯಾಗಿನ ಪಟ್ಟಿಗಳ ಮೇಲೆ ಬಿಳಿ ಉಪ್ಪಿನ ಗೆರೆ ಎದ್ದಿರುತ್ತದೆ. ಬಿಸಿಲಿನಲ್ಲಿ ಏರು ಹತ್ತುವಾಗ ತಾಸಿಗೆ ಒಂದು ಲೀಟರ್, ಕೆಲವರಿಗೆ ಅದಕ್ಕೂ ಹೆಚ್ಚು ಬೆವರು ಹೋಗುತ್ತದೆ. ಒಂದು ಲೀಟರ್ ಬೆವರಿನ ಜೊತೆ ಸರಾಸರಿ ಒಂದು ಗ್ರಾಂ ಆಸುಪಾಸು ಸೋಡಿಯಂ ಹೋಗುತ್ತದೆ. ಅಡುಗೆ ಉಪ್ಪಿನ ಲೆಕ್ಕದಲ್ಲಿ ಸುಮಾರು ಅರ್ಧ ಟೀ ಚಮಚ.

ಕುಡಿಯುವ ಅಳತೆ ತಾಸಿಗೆ ಅರ್ಧದಿಂದ ಒಂದು ಲೀಟರ್. ಗುಟುಕು ಗುಟುಕಾಗಿ, ಬಾಯಾರಿದಾಗ. ಬ್ರೈಟ್ ಏಂಜಲ್‌ನಲ್ಲಿ ಒಬ್ಬರಿಗೆ ಕನಿಷ್ಠ 2 ಲೀಟರ್, ಸೌತ್ ಕೈಬಾಬ್‌ನಲ್ಲಿ ಸೀಡರ್ ರಿಜ್‌ಗೆ 3 ಲೀಟರ್ ಹೊತ್ತು ಹೊರಡಿ. ಮಕ್ಕಳ ನೀರು ಮಕ್ಕಳ ಬೆನ್ನಿಗೇ ಇರಲಿ, ಪೂರ್ತಿ ಅಪ್ಪನ ಚೀಲದಲ್ಲಿ ಬೇಡ. ಅಪ್ಪ ಮುಂದೆ ಹೋಗಿಬಿಟ್ಟರೆ ಮಗು ಬಾಯಾರಿಕೊಂಡು ನಡೆಯುತ್ತದೆ. ಬ್ರೈಟ್ ಏಂಜಲ್‌ನ ಎರಡೂ ವಿಶ್ರಾಂತಿ ಮನೆಗಳಲ್ಲಿ ಬೇಸಿಗೆ ತಿಂಗಳುಗಳಲ್ಲಿ ನಲ್ಲಿಯಿದೆ. ಆದರೆ ನಲ್ಲಿಯನ್ನು ನಂಬಿ ಖಾಲಿ ಬಾಟಲಿ ಒಯ್ಯಬೇಡಿ. ಕಣಿವೆಯ ಆ ಬದಿಯ ರೋರಿಂಗ್ ಸ್ಪ್ರಿಂಗ್ಸ್ ಎಂಬ ಚಿಲುಮೆಯಿಂದ 12 ಮೈಲಿಗೂ ಹೆಚ್ಚು ದೂರ ಬರುವ ಈ ಕೊಳವೆಮಾರ್ಗ 1960ರ ದಶಕದಲ್ಲಿ ಹಾಕಿದ್ದು, 2010ರಿಂದ ಈಚೆಗೆ 85ಕ್ಕೂ ಹೆಚ್ಚು ಸಲ ದೊಡ್ಡದಾಗಿ ಒಡೆದಿದೆ. ಎಲ್ಲೆಲ್ಲಿ ನೀರಿದೆ ಎಂಬ ಪಟ್ಟಿಯನ್ನು ಉದ್ಯಾನದ ಜಾಲತಾಣದಲ್ಲಿ ಹಾಕುತ್ತಾರೆ, ದಾರಿಯ ಬಾಯಲ್ಲೂ ಬೋರ್ಡಿರುತ್ತದೆ. ಒಮ್ಮೆ ಬಳಸಿ ಎಸೆಯುವ ಬಾಟಲಿ ನೀರಿನ ಮಾರಾಟವನ್ನು 2012ರಲ್ಲೇ ನಿಲ್ಲಿಸಿದ್ದಾರೆ. ಅಂಚಿನ ಮೇಲೆ ಪುಕ್ಕಟೆ ತುಂಬಿಸಿಕೊಳ್ಳುವ ನಲ್ಲಿಗಳಿವೆ, ಗಟ್ಟಿ ಬಾಟಲಿ ಮನೆಯಿಂದಲೇ ತನ್ನಿ. ಒಂದು ಬಾಟಲಿಯಲ್ಲಿ ಅರ್ಧ ನೀರು ಹಾಕಿ ಅಡ್ಡ ಮಲಗಿಸಿ ರಾತ್ರಿ ಫ್ರೀಜರಿನಲ್ಲಿಟ್ಟು, ಹೊರಡುವಾಗ ಉಳಿದರ್ಧ ತುಂಬಿಸಿದರೆ ಏರಿನ ಹೊತ್ತಿಗೂ ತಂಪಿರುತ್ತದೆ.

ಈಗ ಎಚ್ಚರದ ಮಾತು. ನೀರು ಕುಡಿಯಿರಿ ಎಂಬ ಉಪದೇಶ ಕೇಳಿ ಕೇಳಿ, ಏನೂ ತಿನ್ನದೆ ಬರೀ ನೀರು ಸುರಿದುಕೊಳ್ಳುವವರಿದ್ದಾರೆ. ರಕ್ತದಲ್ಲಿನ ಸೋಡಿಯಂ ತೆಳುವಾಗಿ ಬೇರೆಯೇ ಅಪಾಯ ಹುಟ್ಟುತ್ತದೆ, ವೈದ್ಯರು ಹೈಪೋನೆಟ್ರೀಮಿಯಾ ಎನ್ನುವುದು ಇದನ್ನೇ. ತಲೆನೋವು, ವಾಕರಿಕೆ, ವಾಂತಿ, ಮಂಕು, ಹೆಚ್ಚಾದರೆ ಫಿಟ್ಸ್. ಬಿಸಿಲಿನ ಬಳಲಿಕೆಯೂ ಹೆಚ್ಚುಕಡಿಮೆ ಹೀಗೇ ಕಾಣುತ್ತದೆ, ಅಲ್ಲೇ ಎಡವಟ್ಟು. ನೋಡಿದವರು "ಪಾಪ, ನೀರು ಸಾಲದು" ಎಂದು ಇನ್ನೂ ನೀರು ಕುಡಿಸುತ್ತಾರೆ. ಹಾಗಾಗಿ ಮೊದಲು ಎರಡು ಪ್ರಶ್ನೆ ಕೇಳಿ: ಬೆಳಗಿನಿಂದ ಏನು ತಿಂದೆ, ಎಷ್ಟು ಸಲ ಮೂತ್ರಕ್ಕೆ ಹೋದೆ? ತಿಂದಿಲ್ಲ, ಪದೇಪದೇ ಹೋಗಿದ್ದೇನೆ, ಬಣ್ಣವೇ ಇರಲಿಲ್ಲ ಎಂದರೆ ನೀರು ನಿಲ್ಲಿಸಿ ಉಪ್ಪಿನ ತಿಂಡಿ ಕೊಡಬೇಕು, ಮಂಕು ಕವಿದಿದ್ದರೆ ತಡಮಾಡದೆ ಸಹಾಯ ಕರೆಯಬೇಕು. ಮೂತ್ರವೇ ಬಂದಿಲ್ಲ, ಬಂದದ್ದು ಗಾಢ ಹಳದಿ ಎಂದರೆ ನೀರು ಸಾಲದಾಗಿದೆ.

ಉಪ್ಪಿನ ವಿಷಯದಲ್ಲಿ ನಮ್ಮ ಅಡುಗೆಮನೆಗೆ ಅಲ್ಲಿನ ಅಂಗಡಿಗಳ ಚಾಕೊಲೇಟ್ ಕಡ್ಡಿಗಳು ಸರಿಸಾಟಿಯಲ್ಲ. ಬಿಸಿಲಿನಲ್ಲಿ ಹಸಿವು ಸತ್ತುಹೋಗುತ್ತದೆ, ಸಿಹಿ ಗಂಟಲಲ್ಲಿ ಇಳಿಯುವುದಿಲ್ಲ, ಉಪ್ಪುಖಾರ ಇಳಿಯುತ್ತದೆ. ಚಕ್ಕುಲಿ, ಕೋಡುಬಳೆ, ಉಪ್ಪುಕಡಲೆ, ಹುರಿದ ಕಡಲೆಬೀಜ ಜೇಬಿನಲ್ಲಿರಲಿ. ಊಟಕ್ಕೆ ಪುಳಿಯೋಗರೆ, ಅಥವಾ ಉಪ್ಪಿನಕಾಯಿ ಸವರಿ ಸುತ್ತಿದ ಚಪಾತಿ. ಹುಣಿಸೆ, ಉಪ್ಪು, ಎಣ್ಣೆ ಮೂರೂ ಇರುವ ಪುಳಿಯೋಗರೆ ಬೇಗ ಕೆಡುವುದಿಲ್ಲ. ಮೊಸರನ್ನ ಬೇಡ, ಚೀಲದ ಕಾವಿಗೆ ಹುಳಿಬಂದು ಹೊಟ್ಟೆ ಕೆಡಿಸುತ್ತದೆ. ಅರ್ಧ ತಾಸಿಗೊಮ್ಮೆ ಒಂದು ಹಿಡಿ ತಿನ್ನುವುದು, ಹಸಿವಾಗುವವರೆಗೆ ಕಾಯುವುದಲ್ಲ. ಓಆರ್‌ಎಸ್ ಪೊಟ್ಟಣ ಒಂದೆರಡು ಇರಲಿ. ಒಂದು ಪೊಟ್ಟಣಕ್ಕೆ ಅದರ ಮೇಲೆ ಬರೆದಷ್ಟೇ ನೀರು, ದೊಡ್ಡದಾದರೆ ಪೂರ್ತಿ ಒಂದು ಲೀಟರ್. ಅರ್ಧ ಬಾಟಲಿಗೆ ಇಡೀ ಪೊಟ್ಟಣ ಸುರಿದರೆ ಬಾಯಾರಿಕೆ ಹೆಚ್ಚುತ್ತದೆ, ಹೊಟ್ಟೆ ತೊಳೆಸುತ್ತದೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ತಲೆತಟ್ಟಿದ ಚಮಚ.

ಮೈಗೆ, ಕಾಲಿಗೆ

ಮಲೆನಾಡಿನ ಮಳೆಯಲ್ಲಿ ಹತ್ತಿ ಬಟ್ಟೆ ಬೇಡ ಎನ್ನುತ್ತೇವೆ, ಒದ್ದೆಯಾದರೆ ಆರದೆ ಚಳಿ ಹಿಡಿಸುತ್ತದೆಂದು. ಇಲ್ಲಿ ಅದೇ ಗುಣ ಉಪಕಾರ. ತೆಳುಬಣ್ಣದ, ಉದ್ದ ತೋಳಿನ, ಸಡಿಲ ಹತ್ತಿ ಅಂಗಿಯನ್ನು ನಲ್ಲಿ ಸಿಕ್ಕಲ್ಲೆಲ್ಲ ಪೂರ್ತಿ ನೆನೆಸಿ ಹಾಕಿಕೊಂಡರೆ ನೀರು ಆರುವ ತನಕ ಮೈ ತಂಪಾಗಿರುತ್ತದೆ. ಟೋಪಿ, ಕುತ್ತಿಗೆಗೆ ಹಳೆಯ ಪಂಚೆಯ ತುಂಡು, ಅವನ್ನೂ ನೆನೆಸಿ. ಅಂಗಿ ಆರಿತೆಂದರೆ ನಿಮ್ಮ ಬೆವರೇ ಆ ಕೆಲಸ ಮಾಡಬೇಕು, ಆಗ ನೀರಿನ ಖರ್ಚು ಜಾಸ್ತಿ. ಕಾಲುಚೀಲ ಮಾತ್ರ ಹತ್ತಿಯದಾಗಬಾರದು. ಅದು ಒದ್ದೆಯಾಗಿ ಸುಕ್ಕುಗಟ್ಟಿ ಬೊಬ್ಬೆ ಎಬ್ಬಿಸುತ್ತದೆ.

ಇಳಿಜಾರಿನಲ್ಲಿ ಪೆಟ್ಟು ತಿನ್ನುವುದು ಕಾಲ್ಬೆರಳ ಉಗುರು. ಎರಡು ದಿನ ಮೊದಲೇ ಚೆನ್ನಾಗಿ ಕತ್ತರಿಸಿಕೊಳ್ಳಿ. ಶೂ ಹಾಕಿದಾಗ ಬೆರಳ ಮುಂದೆ ಒಂದು ಹೆಬ್ಬೆರಳಷ್ಟು ಜಾಗವಿರಬೇಕು. ಇಳಿಯುವ ಮುನ್ನ ಹಿಮ್ಮಡಿಯನ್ನು ಹಿಂದಕ್ಕೆ ಕುಟ್ಟಿ ಕೂರಿಸಿ, ಕಣಕಾಲ ಹತ್ತಿರ ಲೇಸು ಬಿಗಿಮಾಡಿ, ಬೆರಳ ಹತ್ತಿರ ಸಡಿಲ ಬಿಡಿ. ಹತ್ತುವಾಗ ಇದರ ಉಲ್ಟಾ. ಎಲ್ಲಾದರೂ ಉರಿ ಅನ್ನಿಸಿದ ತಕ್ಷಣ ಶೂ ಬಿಚ್ಚಿ ಟೇಪ್ ಅಂಟಿಸಿ. ಮೇಲೆ ಹೋಗಿ ನೋಡೋಣ ಅಂದರೆ ಅಷ್ಟರಲ್ಲಿ ಚರ್ಮ ಸುಲಿದಿರುತ್ತದೆ. ಹೊಸ ಶೂ, ಚಪ್ಪಲಿ, ಸ್ಯಾಂಡಲ್ ಬೇಡ. ದಾರಿಗೆ ಅಡ್ಡಲಾಗಿ ಮರದ ದಿಮ್ಮಿ, ಕಲ್ಲು ಹಾಕಿ ಮಾಡಿದ ಮೆಟ್ಟಿಲುಗಳಿವೆ. ಅವುಗಳ ಎತ್ತರ ಒಂದೇ ಸಮ ಇಲ್ಲ, ಮೇಲೆ ಪುಡಿಮಣ್ಣು ಬೇರೆ. ಎರಡು ಊರುಗೋಲಿದ್ದರೆ ಮಂಡಿಯ ಭಾರ ಹಂಚಿಹೋಗುತ್ತದೆ: ಇಳಿಯುವಾಗ ತುಸು ಉದ್ದ, ಹತ್ತುವಾಗ ಗಿಡ್ಡ ಮಾಡಿಕೊಳ್ಳಿ.

ದಾರಿಯಲ್ಲಿ

ಕಡಿದಾದ ಗೋಡೆಗಳಲ್ಲಿ ದಾರಿ ಹೇಗೆ ಸಾಧ್ಯವಾಯಿತು ಎಂದರೆ, ಬ್ರೈಟ್ ಏಂಜಲ್ ಸ್ತರಭಂಗ, ಅಂದರೆ ನೆಲ ಸೀಳಿ ಸರಿದ ಬಿರುಕು, ಇಲ್ಲಿ ಬಂಡೆಯನ್ನು ಒಡೆದು ಕುಸಿಯುವಂತೆ ಮಾಡಿದೆ. ಆ ಬಿರುಕಿನಲ್ಲೇ ದಾರಿ ಸುತ್ತಿ ಸುತ್ತಿ ಇಳಿಯುತ್ತದೆ. ಎಷ್ಟು ಕೆಳಗೆ ಬಂದಿದ್ದೀರಿ ಎಂಬುದನ್ನು ಬಂಡೆಯ ಬಣ್ಣ ನೋಡಿಯೇ ಹೇಳಬಹುದು. ಮೇಲ್ತುದಿಯ ಬೂದುಬಿಳಿ ಕೈಬಾಬ್ ಸುಣ್ಣಕಲ್ಲಿಗೆ 27 ಕೋಟಿ ವರ್ಷ. ಆಮೇಲೆ ಸಿಗುವ ಕೆನೆಬಣ್ಣದ ದಪ್ಪ ಗೋಡೆ ಕೊಕೊನಿನೋ ಮರಳುಗಲ್ಲು. ಒಂದು ಕಾಲದ ಮರಳುದಿಬ್ಬಗಳೇ ಕಲ್ಲಾದದ್ದು, ಓರೆ ಗೆರೆಗಳು ಇನ್ನೂ ಕಾಣುತ್ತವೆ. ಅದರ ಕೆಳಗೆ ಕೆಂಪು ಹರ್ಮಿಟ್ ಮತ್ತು ಸುಪೈ ಪದರ. 3 ಮೈಲಿ ಮನೆ ಕೂತಿರುವುದು ರೆಡ್‌ವಾಲ್ ಎಂಬ ದೊಡ್ಡ ಗೋಡೆಯ ನೆತ್ತಿಯಲ್ಲಿ. ಈ ಸುಣ್ಣಕಲ್ಲು ನಿಜಕ್ಕೆ ಬೂದುಬಣ್ಣದ್ದು, ಮೇಲಿನ ಪದರದ ಕೆಂಪು ಮಳೆನೀರಲ್ಲಿ ಇಳಿದು ಬಳಿದಂತಾಗಿದೆ. ಅಲ್ಲಿಂದ ಕೆಳಗೆ ಜೇಕಬ್ಸ್ ಲ್ಯಾಡರ್ ಎಂಬ ಬಿಗಿ ತಿರುವುಗಳ ಸರಣಿ. ಇಳಿಯಲು ತಮಾಷೆ, ಮಧ್ಯಾಹ್ನ ಹತ್ತಲು ನರಕ. ಹಾಗಾಗಿಯೇ 3 ಮೈಲಿ ಮನೆಯನ್ನು ಗಡಿ ಮಾಡಿದ್ದು.

ತಳದ ಕಪ್ಪು ಕಲ್ಲಿನ ಹೆಸರು ಕೇಳಿದರೆ ನಮ್ಮವರಿಗೆ ಅಚ್ಚರಿ. ಅದು ವಿಷ್ಣು ಶಿಸ್ಟ್ (ಶಿಸ್ಟ್ ಎಂದರೆ ಕಾವು, ಒತ್ತಡಕ್ಕೆ ಸಿಕ್ಕಿ ಪದರುಗಟ್ಟಿದ ಕಲ್ಲು), 170 ಕೋಟಿ ವರ್ಷಕ್ಕೂ ಹಳೆಯದು. ಜೊತೆಗೆ ಬ್ರಹ್ಮ ಶಿಸ್ಟ್, ರಾಮ ಶಿಸ್ಟ್ ಕೂಡ ಇವೆ. 1880ರ ಸುಮಾರಿಗೆ ಇಲ್ಲಿ ಅಧ್ಯಯನ ಮಾಡಿದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್‌ಗೆ ಕಣಿವೆಯೊಳಗಿನ ಗೋಪುರದಂಥ ಬೆಟ್ಟಗಳು ಪೂರ್ವದೇಶದ ಗುಡಿಗಳಂತೆ ಕಂಡವು. ವಿಷ್ಣು ಟೆಂಪಲ್, ಶಿವ ಟೆಂಪಲ್ ಎಂಬ ಹೆಸರುಗಳು ಬಂದದ್ದು ಹಾಗೆ, ಮುಂದೆ ಅದೇ ಸಂಪ್ರದಾಯವಾಯಿತು. ಸೌತ್ ಕೈಬಾಬ್‌ನಲ್ಲಿ ಇಳಿಯುವಾಗ ಎದುರಿಗೆ ಕಾಣುವ ಜೋಡಿಯಲ್ಲಿ ಒಂದು ಬ್ರಹ್ಮ ಟೆಂಪಲ್. ಬ್ರಹ್ಮನಿಗೆ ಭೂಮಿಯ ಮೇಲೆ ಗುಡಿ ಕಡಿಮೆ ಎನ್ನುತ್ತಾರಲ್ಲ, ಅರಿಜೋನಾದಲ್ಲಿ ಒಂದಿದೆ.

ಹೇಸರಗತ್ತೆಗಳ ಸಾಲು ಎದುರಾದರೆ ಗೋಡೆಯ ಕಡೆಗೆ ಸರಿದು ಅಲುಗಾಡದೆ ನಿಲ್ಲಿ. ಪ್ರಪಾತದ ಕಡೆ ನಿಂತರೆ, ಬೆದರಿದ ಪ್ರಾಣಿ ಒಂದು ತಳ್ಳಿದರೆ ಮುಗಿಯಿತು. ನಡೆಸುವವರು ಹೇಳಿದಂತೆ ಕೇಳಿ, ಕೊನೆಯ ಪ್ರಾಣಿ ಹತ್ತಾರು ಹೆಜ್ಜೆ ದಾಟುವವರೆಗೆ ಮತ್ತೆ ನಡೆಯಬೇಡಿ. ಹತ್ತುವವರಿಗೆ ಇಳಿಯುವವರು ದಾರಿ ಬಿಡುವುದು ಅಲ್ಲಿನ ರೂಢಿ. ತಿರುವು ತಪ್ಪಿಸಿ ಅಡ್ಡದಾರಿ ಹಿಡಿದರೆ ಕಲ್ಲು ಉರುಳಿ ಕೆಳಗಿನವರ ತಲೆಗೆ ಬೀಳುತ್ತದೆ. ವಿಶ್ರಾಂತಿ ಮನೆಗಳ ಅಳಿಲುಗಳು ನಮ್ಮ ದೇವಸ್ಥಾನದ ಕೋತಿಗಳ ತಂಗಿಯರು. ಚೀಲ ಕಚ್ಚಿ ಹರಿಯುತ್ತವೆ, ತಿಂಡಿ ಹಿಡಿದ ಬೆರಳನ್ನೂ ಕಚ್ಚುತ್ತವೆ. ಮುದ್ದಾಗಿವೆ ಎಂದು ಮಕ್ಕಳು ಕೈಚಾಚದಂತೆ ನೋಡಿಕೊಳ್ಳಿ.

ಹತ್ತುವಾಗಿನ ವೇಗ: ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಆಗುತ್ತಿಲ್ಲ ಎಂದರೆ ಜೋರಾಯಿತು. ಓಡಿ ನಿಂತು, ಓಡಿ ನಿಂತು ಹತ್ತುವವರಿಗಿಂತ ಎತ್ತಿನಗಾಡಿಯಂತೆ ಒಂದೇ ಸಮ ಹೋಗುವವರು ಮೊದಲು ಮುಟ್ಟುತ್ತಾರೆ. ಅರ್ಧ ತಾಸಿಗೊಮ್ಮೆ ನೆರಳಲ್ಲಿ ಐದು ಹತ್ತು ನಿಮಿಷ ಕೂತು, ಕಾಲನ್ನು ಬಂಡೆಯ ಮೇಲೆ ಎತ್ತಿಟ್ಟುಕೊಳ್ಳಿ. ಅಂಚಿನ ಕಟ್ಟಡಗಳು ಬಹಳ ಮೊದಲೇ ತಲೆಯ ಮೇಲೆ ಕಾಣಲು ಶುರುವಾಗುತ್ತವೆ, ಬಂದೇಬಿಟ್ಟೆವು ಅನ್ನಿಸುತ್ತದೆ. ಇನ್ನೂ ಎಷ್ಟೋ ತಿರುವು ಬಾಕಿ ಇರುತ್ತದೆ. ಕೊನೆಯ ಗುಟುಕು ನೀರನ್ನು ಆಗಲೇ ಮುಗಿಸಬೇಡಿ.

ಮೋಡ ಕವಿದರೆ, ಯಾರಾದರೂ ಕುಸಿದರೆ

ಜುಲೈಯಿಂದ ಸೆಪ್ಟೆಂಬರ್ ಮೊದಲ ವಾರಗಳವರೆಗೆ ಅಲ್ಲೂ ಮುಂಗಾರು ಎನ್ನುತ್ತಾರೆ. ನಮ್ಮ ಹಾಗೆ ಜಡಿಮಳೆಯಲ್ಲ, ಬೆಳಿಗ್ಗೆ ನಿರ್ಮಲ ಆಕಾಶ, ಮಧ್ಯಾಹ್ನ ದಿಢೀರ್ ಗುಡುಗು ಸಿಡಿಲು. ಮೋಡ ಮಜ್ಜಿಗೆ ಕಡೆದ ಬೆಣ್ಣೆಯಂತೆ ಗೋಪುರ ಕಟ್ಟುತ್ತಿದ್ದರೆ ಅಂಚಿನ ತುದಿಯಲ್ಲಿ, ಒಂಟಿ ಮರದಡಿಯಲ್ಲಿ, ಸೌತ್ ಕೈಬಾಬ್‌ನಂಥ ಬೋಳು ದಿಣ್ಣೆಯ ಮೇಲೆ ಇರಬೇಡಿ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರವಿದೆ. ಒಣಹಳ್ಳಗಳಲ್ಲಿ ಕೂತು ವಿಶ್ರಮಿಸಬೇಡಿ. ಮಳೆ ನಿಮ್ಮ ತಲೆಯ ಮೇಲೆ ಬೀಳದಿದ್ದರೂ ಮೇಲೆಲ್ಲೋ ಬಿದ್ದ ನೀರು ಕಲ್ಲು ಹೊತ್ತು ಇಳಿಯುತ್ತದೆ.

ಜೊತೆಯವರು ತೊದಲುತ್ತಿದ್ದರೆ, ಕೇಳಿದ್ದಕ್ಕೆ ಅಸಂಬದ್ಧ ಉತ್ತರ ಕೊಡುತ್ತಿದ್ದರೆ, ಕಾರಣವಿಲ್ಲದೆ ಸಿಡುಕುತ್ತಿದ್ದರೆ ಅದನ್ನು ಸುಸ್ತು ಎಂದು ತಳ್ಳಿಹಾಕಬೇಡಿ. ಬಿಸಿಲ ಹೊಡೆತದಲ್ಲಿ ಮೊದಲು ಕೆಡುವುದು ಬುದ್ಧಿ. ಮೈ ಬೆವರುತ್ತಲೇ ಇದ್ದರೂ ಅದು ಬಿಸಿಲ ಹೊಡೆತ ಆಗಿರಬಹುದು. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಇದ್ದ ನೀರನ್ನೆಲ್ಲ ತಲೆ, ಎದೆ, ಕಂಕುಳ, ತೊಡೆಸಂದಿಗೆ ಸುರಿದು ಟೋಪಿಯಲ್ಲೋ ನಕ್ಷೆಯಲ್ಲೋ ಬೀಸುತ್ತಲೇ ಇರಿ. ಪ್ರಜ್ಞೆ ಮಸುಕಾಗಿದ್ದರೆ ಬಾಯಿಗೆ ಏನೂ ಹಾಕಬೇಡಿ. ಫೋನ್ ಸಿಗ್ನಲ್ ಅಂಚು ಬಿಟ್ಟ ಮೇಲೆ ಬಹುತೇಕ ಇರುವುದಿಲ್ಲ; ಬ್ರೈಟ್ ಏಂಜಲ್‌ನ ವಿಶ್ರಾಂತಿ ಮನೆಗಳಲ್ಲಿ ತುರ್ತು ಫೋನ್ ಇದೆ, ಸಿಗ್ನಲ್ ಇದ್ದರೆ 911. ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಗುತ್ತದೆ ಎಂದು ಕೂರುವ ಹಾಗಿಲ್ಲ. ಕಾದ ಗಾಳಿ ತೆಳುವಾಗಿ ಅದಕ್ಕೆ ಎತ್ತುವ ಬಲ ಕುಗ್ಗುತ್ತದೆ, ಬೇಸಿಗೆಯಲ್ಲಿ ಕರೆಗಳೂ ಹೆಚ್ಚು. ಸಹಾಯ ಬರಲು ತಾಸುಗಟ್ಟಲೆ ಆಗಬಹುದು, ಅಷ್ಟು ಹೊತ್ತು ನೀರು ಸುರಿದು ಬೀಸುವ ಕೆಲಸ ನಿಮ್ಮದೇ.

ಕುಸಿಯದೆ ಬರೀ ಸೋತಿದ್ದರೆ? ಹೊತ್ತು 10 ದಾಟಿದ್ದು, ನೆರಳೂ ನೀರೂ ಇರುವ ವಿಶ್ರಾಂತಿ ಮನೆಯಲ್ಲಿದ್ದರೆ ಅಲ್ಲೇ ಇರಿ. ನಾಚಿಕೆಯೇನಿಲ್ಲ. ಸಂಜೆ 4ರ ತನಕ ಉಪ್ಪುಖಾರ ತಿನ್ನುತ್ತ, ಅಂಗಿ ನೆನೆಸುತ್ತ, ನಿದ್ದೆ ಬಂದರೆ ಮಾಡುತ್ತ ಕಾಯ್ದು ಆಮೇಲೆ ಹತ್ತಿ. ಸೂರ್ಯ ಮುಳುಗುವುದು ಏಳೂಮುಕ್ಕಾಲರ ಸುಮಾರಿಗೆ. ಹೀಗೂ ಆಗಬಹುದೆಂದೇ ಬೆಳಗಿನ ನಡಿಗೆಗೂ ತಲೆಗೆ ಕಟ್ಟುವ ದೀಪ ಚೀಲದಲ್ಲಿರಬೇಕು. ಫೋನಿನ ದೀಪ ಸಾಲದು, ಒಂದು ಕೈ ಅದಕ್ಕೇ ಹೋಗುತ್ತದೆ, ಬ್ಯಾಟರಿಯೂ ಮುಗಿಯುತ್ತದೆ.

ಮೇಲೆ ಬಂದ ದಿನವೇ ಫೀನಿಕ್ಸಿಗೋ ವೇಗಸ್ಸಿಗೋ ಗಾಡಿ ಓಡಿಸುವುದಿದ್ದರೆ ಇಳಿಯದೆ ಉಳಿದವರ ಕೈಗೆ ಕೀಲಿ ಕೊಡಿ. ಬ್ರೇಕ್ ಒತ್ತುವ ಕಾಲಿನ ಮೀನಖಂಡ ಹಿಡಿದುಕೊಳ್ಳುವುದು ಕೂತ ಒಂದು ತಾಸಿನ ಮೇಲೆ. ಕತ್ತಲಾದ ಮೇಲೆ ಅಂಚಿನ ಸುತ್ತಲಿನ ಕಾಡುದಾರಿಯಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಗಳು ರಸ್ತೆಗೆ ಬರುತ್ತವೆ, ನಮ್ಮ ಕಡವೆಗಿಂತ ದೊಡ್ಡ ಗಾತ್ರದವು. ಒಂದು ದಾಟಿತೆಂದರೆ ಹಿಂದೆ ಇನ್ನೊಂದಿದೆ ಎಂದೇ ತಿಳಿದು ನಿಧಾನಿಸಿ.